ಮಣ್ಣಿನ ಹಸಿ ಬಾನಿಗೆ ಕಂಡೀತೆ?

2023ರ ಅಕ್ಟೋಬರ್ 31ರಂದು ಮಹಾರಾಷ್ಟ್ರ ಸರಕಾರವು ಆ ವರ್ಷದ ಬರಪೀಡಿತ ತಾಲೂಕುಗಳ ಪಟ್ಟಿಯನ್ನು ಹೊರಡಿಸಿತು. ರಾಜ್ಯದಲ್ಲಿ ಒಟ್ಟು 40 ತಾಲೂಕುಗಳು. ಸಾಂಗ್ಲಿ ಜಿಲ್ಲೆಯಿಂದ ಶಿರಾಳಾ, ಕಡೇಗಾಂವ, ಖಾನಾಪುರ, ಮಿರಜ ಎಂದು ನಾಲ್ಕು. ಜಿಲ್ಲೆಯ ಪೂರ್ವದ ತುದಿಯಲ್ಲಿ, ನಮ್ಮ ವಿಜಯಪುರ ಜಿಲ್ಲೆಗೆ ಒತ್ತಿಕೊಂಡಿರುವ ಜತ್ತ ತಾಲೂಕಿನ ಹೆಸರು ಅದರಲ್ಲಿ ಇರಲಿಲ್ಲ. ಆ ಸೀಮೆಯಲ್ಲಿ ಬರವೆಂದೊಡನೆ ಮೊದಲು ನೆನಪಾಗುವ ಹೆಸರೇ ಜತ್ತ. ಸಹ್ಯಾದ್ರಿಯ ಮಗ್ಗುಲಲ್ಲಿದ್ದು ಭತ್ತ ಬೆಳೆಯುವ ಶಿರಾಳಾ ಪಟ್ಟಿಯಲ್ಲಿದೆ, ಜೋಳ ಬೆಳೆಯಲೂ ಮುಗಿಲು ನೋಡುವ ಜತ್ತ ಪಟ್ಟಿಯಲ್ಲಿಲ್ಲ! ಅಲ್ಲಿನ ಜನ ಕೆರಳಿದರೆ ಆಶ್ಚರ್ಯವೇನು?

ಹತ್ತು ದಿನಗಳ ಬಳಿಕ, ನವೆಂಬರ್ 10ರಂದು, ಸರಕಾರ ತಾಲೂಕಿನ ಲೆಕ್ಕ ಬಿಟ್ಟು ಕಂದಾಯ ಮಂಡಲಗಳ ಲೆಕ್ಕ ಹಿಡಿಯಿತು. ಸರಾಸರಿಯ ನೂರಕ್ಕೆ 75 ಪಾಲಿಗಿಂತ ಕಡಿಮೆ, ಒಟ್ಟಿನಲ್ಲಿ 750 ಮಿಲಿಮೀಟರಿಗಿಂತ ಕಡಿಮೆ ಮಳೆ ಬಿದ್ದ 1021 ಮಂಡಲಗಳಲ್ಲಿ ಬರಸದೃಶ ಪರಿಸ್ಥಿತಿ ಇದೆಯೆಂದು ಸಾರಿತು. ಹೀಗೆ ಸಾರುವುದು ಬರಿಯ ಗೌರವದ ಮಾತಲ್ಲ. ಹೆಸರು ಸೇರಿದರೆ ಭೂಕಂದಾಯದಲ್ಲಿ ರಿಯಾಯಿತಿ, ಸಾಲ ವಸೂಲಿಗೆ ತಡೆ, ಪಂಪಿನ ವಿದ್ಯುತ್ ಬಿಲ್ಲಿನಲ್ಲಿ ಕಡಿತ, ಕುಡಿಯುವ ನೀರಿಗೆ ಟ್ಯಾಂಕರು, ಶಾಲಾ ಕಾಲೇಜು ಮಕ್ಕಳ ಪರೀಕ್ಷಾ ಶುಲ್ಕ ಮಾಫಿ. ಹೆಸರು ಸೇರದಿದ್ದರೆ ಇವು ಯಾವುವೂ ಇಲ್ಲ. ಹೊಲದಲ್ಲಿ ಹಸಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಕೊನೆಗೆ ಮಗುವಿನ ಪರೀಕ್ಷೆಯ ಹಣದವರೆಗೂ ಬಂದು ಮುಟ್ಟುತ್ತದೆ.

ನಮ್ಮ ಓದುಗರಿಗೆ ಜತ್ತ ತೀರ ಅಪರಿಚಿತವಾದ ಹೆಸರಲ್ಲ. 1966ರಲ್ಲಿ ನೇಮಕಗೊಂಡು ಮರುವರ್ಷ ವರದಿ ಒಪ್ಪಿಸಿದ ಮಹಾಜನ ಆಯೋಗವು, ಚಂದ್ರಗಿರಿ ಹೊಳೆಯ ಬಡಗಣ ನಮ್ಮ ಸೀಮೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು ಎಲ್ಲರಿಗೂ ಗೊತ್ತು. ಅದೇ ವರದಿಯಲ್ಲಿ ಜತ್ತ ತಾಲೂಕಿನ ಕೆಲವು ಹಳ್ಳಿಗಳೂ ಇದ್ದುವು. ವರದಿ ಜಾರಿಗೆ ಬರಲಿಲ್ಲ. ನಾವು ಇಲ್ಲಿ ಉಳಿದೆವು, ಅವರು ಅಲ್ಲಿ ಉಳಿದರು. ಗುಡ್ಡಾಪುರದ ದಾನಮ್ಮ ದೇವಿಯ ಜಾತ್ರೆಗೆ ಕರ್ನಾಟಕದ ಭಕ್ತರು ಇಂದಿಗೂ ಸಾಲುಗಟ್ಟಿ ಹೋಗುವುದು ಆ ತಾಲೂಕಿಗೇ. ಉಮದಿ, ಸಂಖ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ. ಕನ್ನಡ ಶಾಲೆಗಳೂ ಉಂಟು. 2022ರ ನವೆಂಬರಿನಲ್ಲಿ, ಕರ್ನಾಟಕಕ್ಕೆ ಸೇರಬೇಕೆಂದು ಜತ್ತದ 40 ಹಳ್ಳಿಗಳು ಹಿಂದೆ ಮಾಡಿದ್ದ ಠರಾವಿನ ಮಾತೆದ್ದು ಎರಡು ರಾಜ್ಯಗಳ ಮುಖ್ಯರ ನಡುವೆ ವಾದ ನಡೆದದ್ದು ನೆನಪಿರಬಹುದು. ಆ ಠರಾವಿನ ಹಿಂದೆ ಇದ್ದದ್ದು ಭಾಷೆಯ ಅಭಿಮಾನಕ್ಕಿಂತ ಮಿಗಿಲಾಗಿ ನೀರಿನ ದಾಹ.

ಈ ಲೇಖನದ ವಿಷಯ ಗಡಿಯಲ್ಲ, ಮಣ್ಣಿನ ಹಸಿ. ಅದನ್ನು ಬಾನಿನಿಂದ ಅಳೆಯುವ ಒಂದು ಹೊಸ ವಿದ್ಯೆ ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ನಮ್ಮ ಕಿಸೆಯ ಫೋನಿಗೆ ದಾರಿ ತೋರಿಸುವ ಉಪಗ್ರಹದ ಅಲೆಗಳೇ ಅದಕ್ಕೆ ಮೂಲ.

ಮಳೆ ಬೇರೆ, ಹಸಿ ಬೇರೆ

ಬರವನ್ನು ಗುರುತಿಸುವುದಕ್ಕೆ ಕೇಂದ್ರ ಕೃಷಿ ಇಲಾಖೆ 2016ರಲ್ಲಿ ಒಂದು ಕೈಪಿಡಿ ಹೊರಡಿಸಿದೆ. ಅದರ ಪ್ರಕಾರ ಮೊದಲು ನೋಡಬೇಕಾದದ್ದು ಮಳೆ: ಸರಾಸರಿಗಿಂತ ಎಷ್ಟು ಕಡಿಮೆ ಬಿತ್ತು, ನಡುವೆ ಎಷ್ಟು ವಾರ ಬಿಡುವು ಕೊಟ್ಟಿತು ಎಂದು. ಆ ಬಾಗಿಲು ದಾಟಿದ ಮೇಲೆ ಬಿತ್ತನೆಯಾದ ಭೂಮಿ, ಪೈರಿನ ಹಸುರು, ಜಲಾಶಯ ಮತ್ತು ಅಂತರ್ಜಲ, ಮಣ್ಣಿನ ತೇವ ಇವುಗಳ ವಿಚಾರ.

ಸರಾಸರಿಯೊಂದಿಗೆ ಹೋಲಿಸುವ ಲೆಕ್ಕದಲ್ಲಿ ಒಂದು ತೊಡಕಿದೆ. ಸಾವಿರ ರೂಪಾಯಿ ಸಂಬಳದವನಿಗೆ ನಾಲ್ಕುನೂರು ಕಡಿಮೆಯಾದರೆ ನೂರಕ್ಕೆ ನಲುವತ್ತು ನಷ್ಟ. ಇನ್ನೂರು ರೂಪಾಯಿಯವನಿಗೆ ನಲುವತ್ತು ಕಡಿಮೆಯಾದರೆ ನೂರಕ್ಕೆ ಇಪ್ಪತ್ತು ಮಾತ್ರ. ಆದರೆ ಆ ತಿಂಗಳು ಯಾರ ಮನೆಯಲ್ಲಿ ಒಲೆ ಉರಿಯುವುದಿಲ್ಲ? ಮೊದಲೇ ಮಳೆಯ ನೆರಳಿನಲ್ಲಿರುವ ಜತ್ತದಂಥ ಊರಿನ ಪಾಡು ಎರಡನೆಯವನದು.

ಇನ್ನೊಂದು ಮಾತು. ಮಳೆಮಾಪಕದ ಬಾಯಿ ಒಂದು ಗೇಣಿಗೂ ಕಿರಿದು. ಹತ್ತಾರು ಹಳ್ಳಿಗಳ ಮಂಡಲಕ್ಕೆ ಅಂಥ ಒಂದೇ ಬಾಯಿ. ಅದರೊಳಗೆ ಬಿದ್ದ ನೀರು ಲೆಕ್ಕಕ್ಕೆ ಬರುತ್ತದೆ, ಮಣ್ಣಿನೊಳಗೆ ಇಳಿದ ನೀರಲ್ಲ. ಒಂದು ಸಂಜೆ ಗುಡುಗಿ ಧೋ ಎಂದು ಸುರಿದ 50 ಮಿಲಿಮೀಟರು ಮಳೆ ಬಹುಪಾಲು ಹಳ್ಳ ಸೇರಬಹುದು. ಅಷ್ಟೇ ಮಳೆ ನಾಲ್ಕು ದಿನ ಸೋನೆಯಾಗಿ ಬಿದ್ದರೆ ಹೊಲ ಅದನ್ನೆಲ್ಲ ಕುಡಿದೀತು. ಮಳೆಯ ಪುಸ್ತಕದಲ್ಲಿ ಎರಡೂ ಒಂದೇ ಅಂಕೆ.

ಜತ್ತದ ರೈತನಿಗೆ ಈ ಭೇದ ಜೀವನ್ಮರಣದ ಪ್ರಶ್ನೆ. ಏಕೆಂದರೆ ಅಲ್ಲಿಯ ಮುಖ್ಯ ಬೆಳೆ ಹಿಂಗಾರಿ ಜೋಳ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೂರಿಗೆ ಹೂಡಿ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ತೆನೆ ಕೊಯ್ಯುವವರೆಗೆ ಆ ಬೆಳೆ ಬದುಕುವುದು ಎರೆಮಣ್ಣು ತನ್ನ ಹೊಟ್ಟೆಯಲ್ಲಿ ಕೂಡಿಟ್ಟ ಹಸಿಯಿಂದ. ಮಳೆಯನ್ನು ನಂಬಿ ಬೆಳೆಯುವ ಬೆಳೆಯೆಂದು ಹೇಳುವುದಕ್ಕಿಂತ ಮಣ್ಣನ್ನು ನಂಬಿ ಬೆಳೆಯುವ ಬೆಳೆಯೆಂದರೆ ಹೆಚ್ಚು ಸರಿ. ಅದಕ್ಕಾಗಿಯೇ ಒಡ್ಡು ಹಾಕುವುದು, ಕುಂಟೆ ಹೊಡೆಯುವುದು, ಎಡೆ ಹೊಡೆದು ಬಿರುಕು ಮುಚ್ಚುವುದು. ಎಲ್ಲವೂ ಹಸಿ ಆರದಂತೆ ಕಾಯುವ ಉಪಾಯಗಳು. 1930ರ ದಶಕದಲ್ಲಿ ಸೋಲಾಪುರ, ಬಿಜಾಪುರಗಳಲ್ಲಿ ಬೆದ್ದಲು ಬೇಸಾಯದ ಸಂಶೋಧನಾ ಕೇಂದ್ರಗಳು ಆರಂಭವಾದಾಗ ವಿಜ್ಞಾನಿಗಳು ಹಿಡಿದ ಮುಖ್ಯ ಪ್ರಶ್ನೆಯೂ ಇದೇ: ಬಿದ್ದ ಮಳೆಯಲ್ಲಿ ಎಷ್ಟನ್ನು ಹೊಲದಲ್ಲೇ ಹಿಡಿದಿಡಬಹುದು?

ಕನ್ನಡದಲ್ಲಿ ಇದಕ್ಕೆ ‘ಹದ’ ಎಂಬ ಒಂದು ಅಪೂರ್ವ ಶಬ್ದವಿದೆ. ಹಸಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಬೀಜ ಹಾಕುವುದಕ್ಕೆ ತಕ್ಕ ಹೊತ್ತು ಎಂದು ಅರ್ಥ. ಒಂದು ಹಿಡಿ ಮಣ್ಣೆತ್ತಿ ಅದುಮಿ, ಉಂಡೆ ಕಟ್ಟುವುದೋ ಒಡೆಯುವುದೋ ಎಂದು ನೋಡಿ ರೈತ ಹದ ಹೇಳುತ್ತಾನೆ. ಆದರೆ ಸರಕಾರದ ಕಾಗದದಲ್ಲಿ ಹಿಡಿಮಣ್ಣಿಗೆ ಕಾಲಂ ಇಲ್ಲ. ಅಲ್ಲಿಗೆ ಅಂಕೆ ಬೇಕು.

ತೂಗಿ ನೋಡುವ ವಿಧಾನ

ಹಸಿಯನ್ನು ಅಂಕೆಗೆ ಇಳಿಸುವ ಹಳೆಯ ವಿಧಾನ ಬಹಳ ಸರಳ. ಮಣ್ಣು ಅಗೆದು ತೂಗಬೇಕು. 105 ಡಿಗ್ರಿ ಉಷ್ಣತೆಯ ಒಲೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. 120 ಗ್ರಾಂ ಇದ್ದದ್ದು 100 ಗ್ರಾಂ ಆದರೆ, ನೂರು ಗ್ರಾಂ ಒಣಮಣ್ಣಿಗೆ ಇಪ್ಪತ್ತು ಗ್ರಾಂ ನೀರು ಇತ್ತೆಂದು ತಿಳಿಯಿತು. ಇದಕ್ಕಿಂತ ನಂಬಿಕೆಯ ವಿಧಾನ ಇಂದಿಗೂ ಇಲ್ಲ. ಹೊಸ ಉಪಕರಣಗಳನ್ನೆಲ್ಲ ಕೊನೆಗೆ ಇದರೊಂದಿಗೇ ತಾಳೆ ನೋಡುವುದು.

ಆದರೆ ಎರಡು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಜತ್ತ ತಾಲೂಕಿನಲ್ಲಿ ವಾರಕ್ಕೊಮ್ಮೆ ಎಲ್ಲ ಊರಿನ ಮಣ್ಣು ಅಗೆದು ಸುಡುವವರು ಯಾರು? ನೆಲದಲ್ಲಿ ಹುಗಿಯುವ ವಿದ್ಯುತ್ ಉಪಕರಣಗಳುಂಟು. ಅವು ತಾವು ನಿಂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತವೆ. ನೂರು ಮಾರು ಆಚೆಗೆ ಎರೆ ಮುಗಿದು ಮಡ್ಡಿ ಬಂದರೆ ಆ ಸುದ್ದಿ ಸಲ್ಲದು.

ಆದುದರಿಂದ ವಿಜ್ಞಾನಿಗಳು ಬಾನಿಗೇರಿದರು. 2009ರಲ್ಲಿ ಯುರೋಪಿನವರು ‘ಸ್ಮಾಸ್’ ಎಂಬ ಉಪಗ್ರಹವನ್ನೂ, 2015ರ ಜನವರಿಯಲ್ಲಿ ಅಮೆರಿಕದ ನಾಸಾ ‘ಸ್ಮ್ಯಾಪ್’ ಎಂಬುದನ್ನೂ ಹಾರಿಸಿ ಮಣ್ಣಿನ ತೇವ ಅಳೆಯಲು ತೊಡಗಿದರು. ಸ್ಮ್ಯಾಪ್ ಎರಡು ಮೂರು ದಿನಗಳಿಗೊಮ್ಮೆ ನಮ್ಮ ನೆಲವನ್ನು ನೋಡುತ್ತದೆ. ಆದರೆ ಅದರ ಮೂಲ ನೋಟದ ಒಂದೊಂದು ಚೌಕ ಸುಮಾರು 36 ಕಿಲೋಮೀಟರು. ಇಡೀ ಜತ್ತ ತಾಲೂಕು ಅಂಥ ಎರಡು ಚೌಕಗಳಲ್ಲಿ ಮುಗಿದುಹೋದೀತು. ಅದರ ಜೊತೆಗೆ ಸೂಕ್ಷ್ಮವಾಗಿ ನೋಡಲೆಂದು ಇಟ್ಟಿದ್ದ ರಾಡಾರು ಅದೇ ವರ್ಷದ ಜುಲೈಯಲ್ಲಿ ಕೆಟ್ಟುನಿಂತಿತು.

ದಾರಿ ತೋರುವ ಅಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಜಿ.ಪಿ.ಎಸ್. ಎಂಬ ಹೆಸರು ಇಂದು ಆಟೋ ಚಾಲಕನಿಗೂ ಗೊತ್ತು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಮೂವತ್ತರ ಆಸುಪಾಸಿನ ಉಪಗ್ರಹಗಳು ಸುತ್ತುತ್ತ, ‘ನಾನು ಇಂಥವನು, ಈಗ ಇಷ್ಟು ಗಂಟೆ’ ಎಂದು ಸದಾ ಸಾರುತ್ತಿರುತ್ತವೆ. ಆ ಸಾರುವಿಕೆ ನಮ್ಮ ಫೋನಿಗೆ ತಲಪಲು ಹಿಡಿದ ಕಾಲದಿಂದ ಫೋನು ನಾವಿರುವ ಜಾಗವನ್ನು ಲೆಕ್ಕಹಾಕುತ್ತದೆ. ರಷ್ಯಾ, ಯುರೋಪು, ಚೀನಗಳಿಗೂ ಇಂಥವೇ ಉಪಗ್ರಹಗಳಿವೆ. ಭಾರತದ್ದು ‘ನಾವಿಕ್’, ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು.

ಈ ಅಲೆಗಳು ಬರಿಯ ಫೋನಿನ ಮೇಲೆ ಬೀಳುವುದಿಲ್ಲ. ಹೊಲ, ಹೊಳೆ, ಕಡಲು, ಮಾಳಿಗೆ ಎಲ್ಲದರ ಮೇಲೂ ಹಗಲಿರುಳೂ ಬೀಳುತ್ತಿರುತ್ತವೆ. ಬಿದ್ದು ಪುಟಿದು ಮತ್ತೆ ಬಾನಿನತ್ತ ಹೋಗುತ್ತವೆ. ಹಾಗೆ ಪುಟಿದ ಅಲೆಯಲ್ಲಿ ಅದು ಮುಟ್ಟಿದ ನೆಲದ ಗುರುತು ಉಳಿದಿರುತ್ತದೆ. ಅದನ್ನು ಓದುವುದೇ ಈ ಹೊಸ ವಿದ್ಯೆ.

ಹೇಗೆಂದರೆ, ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರು ಇದನ್ನು ಕಂಡಿರುತ್ತಾರೆ. ಡಾಮರು ಒಣಗಿದ್ದಾಗ ಎದುರಿನ ಲಾರಿಯ ಬೆಳಕು ರಸ್ತೆಯಲ್ಲಿ ಅಷ್ಟಾಗಿ ಹೊಳೆಯುವುದಿಲ್ಲ. ಮಳೆ ಬಿದ್ದು ನೆನೆದಾಗ ಅದೇ ಬೆಳಕು ರಸ್ತೆಯಿಂದ ಚಿಮ್ಮಿ ಕಣ್ಣು ಕೋರೈಸುತ್ತದೆ. ಉಪಗ್ರಹದ ಅಲೆಗೂ ನೆಲಕ್ಕೂ ಸುಮಾರಾಗಿ ಇದೇ ಸಂಬಂಧ. ಒಣಮಣ್ಣು ಅಲೆಯನ್ನು ಸ್ವಲ್ಪವೇ ಹಿಂತಿರುಗಿಸುತ್ತದೆ, ಹಸಿಮಣ್ಣು ಹೆಚ್ಚಾಗಿ. ಇದರ ಕಾರಣವನ್ನು ಪಾಠದ ಮಾತಿನಲ್ಲಿ ಹೇಳುವುದಾದರೆ, ಪರಾವೈದ್ಯುತ ಸ್ಥಿರಾಂಕವೆಂಬ ಒಂದು ಅಳತೆ ಉಂಟು. ಒಣಮಣ್ಣಿಗೆ ಅದು ಮೂರು ನಾಲ್ಕರಷ್ಟು; ನೀರಿಗೆ ಎಂಬತ್ತರಷ್ಟು. ಮಣ್ಣಿಗೆ ನೀರು ಸೇರಿದಂತೆಲ್ಲ ಈ ಅಂಕೆ ಏರುತ್ತದೆ, ಜೊತೆಗೆ ಪುಟಿಯುವ ಅಲೆಯ ಬಲವೂ ಏರುತ್ತದೆ.

ಈ ಅಲೆಯ ಉದ್ದ ಸುಮಾರು 19 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಮೋಡ ಅಡ್ಡಿಯಲ್ಲ, ಕತ್ತಲೆ ಅಡ್ಡಿಯಲ್ಲ. ಹುಲ್ಲು ಪೈರುಗಳನ್ನೂ ಬಹುಮಟ್ಟಿಗೆ ದಾಟಿ ಹೋಗುತ್ತದೆ. ಚಿತ್ರ ತೆಗೆಯುವ ಉಪಗ್ರಹಕ್ಕೆ ಮುಂಗಾರಿನ ಮೋಡವೇ ದೊಡ್ಡ ಶತ್ರು. ಇದಕ್ಕೆ ಆ ತೊಂದರೆಯಿಲ್ಲ.

ಕಿರಿಕಿರಿಯಿಂದ ಬಂದ ವಿದ್ಯೆ

ನೆಲದಿಂದ ಪುಟಿದ ಅಲೆ ಮೊದಮೊದಲಿಗೆ ಒಂದು ಕಿರಿಕಿರಿಯಾಗಿತ್ತು. ನೇರ ಬಂದ ಅಲೆಯೊಡನೆ ಅದೂ ಸೇರಿಕೊಂಡು ಭೂಮಾಪಕರ ಲೆಕ್ಕ ಕೆಡಿಸುತ್ತಿತ್ತು. 1993ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮಾರ್ಟಿನ್ ನೇರಾ ಎಂಬ ವಿಜ್ಞಾನಿ, ಕಡಲಿನಿಂದ ಪುಟಿದ ಅಲೆಯನ್ನೇ ಹಿಡಿದು ಕಡಲ ಮಟ್ಟವನ್ನು ಅಳೆಯಬಹುದೆಂದು ಸೂಚಿಸಿದರು. 2008ರ ಹೊತ್ತಿಗೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಲಾರ್ಸನ್ ಮತ್ತು ಸಂಗಡಿಗರು, ಭೂಕಂಪದ ಅಧ್ಯಯನಕ್ಕೂ ಭೂಮಾಪನಕ್ಕೂ ನೆಟ್ಟ ಜಿ.ಪಿ.ಎಸ್. ಕಂಬಗಳಿಂದಲೇ ಮಣ್ಣಿನ ತೇವ ತಿಳಿಯಬಹುದೆಂದು ತೋರಿಸಿಕೊಟ್ಟರು.

ಅವರ ವಿಧಾನ ಹೀಗೆ. ನೇರವಾದ ಅಲೆಯೂ ನೆಲದಿಂದ ಪುಟಿದ ಅಲೆಯೂ ಒಂದೇ ಆಂಟೆನಾಕ್ಕೆ ಬಂದು ಸೇರುತ್ತವೆ. ಉಪಗ್ರಹ ಬಾನಂಚಿನಿಂದ ಮೇಲೇರುತ್ತಿದ್ದಂತೆ ಇವೆರಡೂ ಒಮ್ಮೆ ಕೂಡಿ ಬಲವಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿ ಸೊರಗುತ್ತವೆ. ಕೆರೆಗೆ ಎರಡು ಕಲ್ಲು ಎಸೆದಾಗ ಎದ್ದ ಬಳೆಗಳು ಒಂದನ್ನೊಂದು ದಾಟುವಾಗ ಆಗುವುದೂ ಇದೇ. ಈ ಏರಿಳಿತ ಮಣ್ಣು ನೆನೆದಾಗ ತುಸು ಅತ್ತಿತ್ತ ಸರಿಯುತ್ತದೆ. ಆ ಸರಿತವನ್ನು ಅಳೆದರೆ ಹಸಿ ತಿಳಿಯುತ್ತದೆ. ಎರಡು ಮೀಟರು ಎತ್ತರದ ಕಂಬ ತನ್ನ ಸುತ್ತಲಿನ ಸುಮಾರು ಸಾವಿರ ಚದರ ಮೀಟರಿನ, ಅಂದರೆ ಕಾಲೆಕರೆಯಷ್ಟು ನೆಲದ ಸರಾಸರಿ ಹಸಿಯನ್ನು ಹೇಳಬಲ್ಲದು. ಅಗೆಯಬೇಕಾಗಿಲ್ಲ, ಹುಗಿಯಬೇಕಾಗಿಲ್ಲ.

ನಮ್ಮ ಸರ್ವೆ ಆಫ್ ಇಂಡಿಯಾ ಕೂಡ ಕರ್ನಾಟಕ, ಮಹಾರಾಷ್ಟ್ರ ಮೊದಲಾದ ರಾಜ್ಯಗಳಲ್ಲಿ ಇಂಥ ನಿಲ್ದಾಣಗಳ ಜಾಲವನ್ನು ಹಾಕಿದೆ. ಅದರ ಉದ್ದೇಶ ಜಮೀನಿನ ಅಳತೆ. ಆಂಟೆನಾ ಕಟ್ಟಡದ ಮಾಳಿಗೆಯ ಮೇಲಿದ್ದರೆ ಮಣ್ಣಿನ ಸುದ್ದಿ ಸಿಗದು. ಬಯಲಿನಲ್ಲಿ, ಸುತ್ತ ತೆರೆದ ಹೊಲವಿರುವ ಕಡೆ ನಿಲ್ಲಿಸಿದರೆ ಒಂದೇ ಕಂಬದಿಂದ ಎರಡು ಕೆಲಸವಾದೀತು.

ಎಂಟು ಹಂಸಗಳು

ಕಂಬದ ನೋಟ ಕಾಲೆಕರೆ. ತಾಲೂಕನ್ನು ನೋಡಬೇಕಾದರೆ ಮೇಲೇರಬೇಕು. 2016ರ ಡಿಸೆಂಬರ್ 15ರಂದು ನಾಸಾ ಸಂಸ್ಥೆ ಎಂಟು ಪುಟ್ಟ ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿತು. ಒಂದೊಂದರ ತೂಕ ಸುಮಾರು 29 ಕಿಲೋಗ್ರಾಂ. ಅರ್ಧ ಮೂಟೆ ಅಕ್ಕಿಗಿಂತ ತುಸು ಹೆಚ್ಚು. ಹೆಸರು ‘ಸಿಗ್ನಸ್’. ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಈ ಪದ, ಉಚ್ಚಾರದಲ್ಲಿ ಹಂಸ ನಕ್ಷತ್ರಪುಂಜದ ಲ್ಯಾಟಿನ್ ಹೆಸರೇ ಆಗಿದೆ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸವನ್ನು ಬಲ್ಲ ನಮಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಈ ಎಂಟು ಹಂಸಗಳು ತಾವಾಗಿ ಯಾವ ಅಲೆಯನ್ನೂ ಕಳುಹಿಸುವುದಿಲ್ಲ. ಐನೂರು ಕಿಲೋಮೀಟರಿಗೆ ತುಸು ಮೇಲೆ ಹಾರುತ್ತ, ಜಿ.ಪಿ.ಎಸ್. ಅಲೆಗಳು ನೆಲದಿಂದ ಪುಟಿದು ಬರುವುದನ್ನು ಕೇಳುತ್ತಿರುತ್ತವೆ. ದನಿ ಬಹಳ ಕ್ಷೀಣ. ಆದರೆ ಪ್ರತಿಯೊಂದು ಉಪಗ್ರಹದ ಸಾರುವಿಕೆಗೂ ಮೊದಲೇ ಗೊತ್ತಿರುವ ಒಂದು ಸಂಕೇತ ಇರುವುದರಿಂದ, ಜಾತ್ರೆಯ ಗದ್ದಲದಲ್ಲೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುವಂತೆ ಇವು ಅದನ್ನು ಹೆಕ್ಕಿ ತೆಗೆಯುತ್ತವೆ. ಅಲೆ ಕಳುಹಿಸುವ ಖರ್ಚು ಇಲ್ಲದ್ದರಿಂದಲೇ ಇವು ಇಷ್ಟು ಹಗುರ, ಇಷ್ಟು ಅಗ್ಗ.

ಇವನ್ನು ಹಾರಿಸಿದ್ದು ಮಣ್ಣಿಗಾಗಿ ಅಲ್ಲ, ಚಂಡಮಾರುತಕ್ಕಾಗಿ. ಹುಣ್ಣಿಮೆಯ ರಾತ್ರಿ ಚಂದ್ರಗಿರಿ ಹೊಳೆಯನ್ನು ನೋಡಿದವರಿಗೆ ಅದರ ಮರ್ಮ ತಿಳಿದೀತು. ನೀರು ನಿಶ್ಚಲವಾಗಿದ್ದರೆ ಚಂದ್ರಬಿಂಬ ಒಂದೇ ದುಂಡು. ಗಾಳಿ ಬೀಸಿದರೆ ಅದು ಚೂರುಚೂರಾಗಿ ಉದ್ದಕ್ಕೆ ಹರಡುತ್ತದೆ. ಕಡಲ ಮೇಲೆ ಅಲೆಯ ಬಿಂಬ ಎಷ್ಟು ಹರಡಿದೆ ಎಂಬುದರಿಂದ ಗಾಳಿಯ ವೇಗ ತಿಳಿಯುತ್ತದೆ. ಆದರೆ ಉಪಗ್ರಹಗಳು ನೆಲದ ಮೇಲೂ ಹಾದುಹೋಗುತ್ತವಲ್ಲ? ಆ ಮಾಹಿತಿಯನ್ನು ಸ್ಮ್ಯಾಪಿನ ಅಳತೆಯೊಂದಿಗೆ ಹೋಲಿಸಿ, 2018ರಲ್ಲಿ ಕ್ಲಾರಾ ಚ್ಯೂ ಮತ್ತು ಎರಿಕ್ ಸ್ಮಾಲ್ ಎಂಬ ಅಮೆರಿಕದ ವಿಜ್ಞಾನಿಗಳು ಅದರಿಂದ ಮಣ್ಣಿನ ತೇವ ತಿಳಿಯುತ್ತದೆಂದು ತೋರಿಸಿದರು.

ಈ ಉಪಗ್ರಹಗಳ ಓಟ ಭೂಮಧ್ಯರೇಖೆಯಿಂದ ತೆಂಕಿಗೂ ಬಡಗಿಗೂ ಸುಮಾರು 38 ಡಿಗ್ರಿಯವರೆಗಿನ ಪಟ್ಟಿಯನ್ನು ನೋಡುತ್ತದೆ. ಜತ್ತ ಇರುವುದು 17 ಡಿಗ್ರಿಯಲ್ಲಿ, ನಮ್ಮ ಕಾಸರಗೋಡು ಹನ್ನೆರಡೂವರೆಯಲ್ಲಿ. ಎರಡೂ ಅದರ ಕಣ್ಣಿಗೆ ಬೀಳುತ್ತವೆ. ಎಂಟರಲ್ಲಿ ಒಂದರ ಸಂಪರ್ಕ 2022ರಲ್ಲಿ ಕಡಿಯಿತು. ಆದರೂ ಈ ಉಪಗ್ರಹಗಳು ಕೂಡಿಸಿದ ಮಾಹಿತಿ ಯಾವ ದೇಶದ ಯಾರಿಗೂ ಉಚಿತ. 2025ರ ನವೆಂಬರಿನಲ್ಲಿ ಯುರೋಪಿನವರು ಇದೇ ತತ್ತ್ವದ ಮೇಲೆ, ಮಣ್ಣಿನ ತೇವಕ್ಕೆಂದೇ ‘ಹೈಡ್ರೋಗ್ನಸ್’ ಎಂಬ ಎರಡು ಪುಟ್ಟ ಉಪಗ್ರಹಗಳನ್ನು ಹಾರಿಸಿದ್ದಾರೆ. ಅದೇ ವರ್ಷದ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಭಾರತ–ಅಮೆರಿಕಗಳ ‘ನಿಸಾರ್’ ಬೇರೆ ಜಾತಿಯದು. ಅದು ತಾನೇ ಅಲೆ ಕಳುಹಿಸಿ ನೋಡುವ ದೊಡ್ಡ ರಾಡಾರು. ಅದರ ನೋಟ ಸೂಕ್ಷ್ಮ, ಆದರೆ ಒಂದೇ ಪಥಕ್ಕೆ ಮರಳಿ ಬರಲು 12 ದಿನ ಬೇಕು. ಇವು ಪ್ರತಿಸ್ಪರ್ಧಿಗಳಲ್ಲ, ಒಂದು ಬಿಟ್ಟದ್ದನ್ನು ಇನ್ನೊಂದು ತುಂಬುತ್ತದೆ.

ಜತ್ತಕ್ಕೆ ಏನು ಪ್ರಯೋಜನ?

ಎರೆಯ ಬಯಲು, ದಟ್ಟ ಕಾಡಿಲ್ಲದ ನೆಲ, ಉದ್ದಕ್ಕೆ ಬಿರುಬಿಸಿಲು. ಜತ್ತದಂಥ ಸೀಮೆ ಈ ವಿದ್ಯೆಗೆ ಹೇಳಿ ಮಾಡಿಸಿದಂತಿದೆ. ನೆಲ ಸಮತಟ್ಟಾಗಿದ್ದರೆ ಪುಟಿದ ಅಲೆ ಅರ್ಧ ಕಿಲೋಮೀಟರು ಅಗಲ, ಕೆಲವೇ ಕಿಲೋಮೀಟರು ಉದ್ದದ ಪಟ್ಟಿಯ ಸುದ್ದಿ ತರುತ್ತದೆ. ಉಪಗ್ರಹಗಳು ಹಲವು ಇರುವುದರಿಂದ ಮೇಲಿಂದ ಮೇಲೆ ನೋಟ ಸಿಗುತ್ತದೆ. ಮಳೆ ಬಿದ್ದ ಮೇಲೆ ಎಷ್ಟು ದಿನಕ್ಕೆ ಹಸಿ ಆರಿತು, ಹದ ಬಂದದ್ದು ಯಾವ ವಾರ, ಬಿತ್ತಿದ ಬೀಜಕ್ಕೆ ಮೊಳಕೆಯೊಡೆಯುವಷ್ಟು ತೇವ ಸಿಕ್ಕಿತೋ ಇಲ್ಲವೋ ಎಂಬುದರ ದಿನಚರಿಯನ್ನು ಇದರಿಂದ ಬರೆಯಬಹುದು. ಕೃಷ್ಣೆಯ ನೀರನ್ನು ಮೇಲೆತ್ತಿ ತರುವ ಮ್ಹೈಸಾಳ ಯೋಜನೆಯ ಕಾಲುವೆ ಯಾವ ಹೊಲಗಳವರೆಗೆ ನಿಜವಾಗಿ ಹಸಿ ಮುಟ್ಟಿಸಿತು ಎಂಬುದೂ ಮಳೆಯಿಲ್ಲದ ತಿಂಗಳಲ್ಲಿ ಇದರಿಂದ ಕಾಣುತ್ತದೆ.

2023ರಲ್ಲಿ ಸರಕಾರದ ಲೆಕ್ಕ ಹತ್ತೇ ದಿನಗಳಲ್ಲಿ ತಾಲೂಕಿನಿಂದ ಮಂಡಲಕ್ಕೆ ಇಳಿಯಿತೆಂದು ಆರಂಭದಲ್ಲಿ ಹೇಳಿದೆನಷ್ಟೆ. ಬರ ಎಂಬುದು ತಾಲೂಕಿನ ಗಡಿ ನೋಡಿ ಬರುವುದಿಲ್ಲವೆಂದು ಅದರಿಂದಲೇ ಒಪ್ಪಿದಂತಾಯಿತು. ಮಳೆಮಾಪಕದ ಒಂದು ಬಾಯಿಯ ಜೊತೆಗೆ ಹೊಲದ ಹಸಿಯ ಸಾಕ್ಷ್ಯವೂ ಸೇರಿದರೆ, ನ್ಯಾಯ ಇನ್ನೊಂದು ಮೆಟ್ಟಿಲು ಇಳಿದು ಹಳ್ಳಿಯ ಬಳಿಗೆ ಬರಬಹುದು. ಕೈಪಿಡಿಯಲ್ಲಿ ಮಣ್ಣಿನ ತೇವಕ್ಕೆ ಈಗಾಗಲೇ ಸ್ಥಾನವಿದೆ. ಅದನ್ನು ಮಳೆಯ ಬಾಗಿಲು ದಾಟಿದವರಿಗೆ ಮಾತ್ರ ಕೇಳುವ ಬದಲು ಮೊದಲಲ್ಲೇ ಕೇಳಬಾರದೇಕೆ?

ಮಿತಿಗಳೂ ಉಂಟು

ಹಾಗೆಂದು ಬಾನಿನ ಕಣ್ಣಿಗೆ ಎಲ್ಲವೂ ಕಾಣುತ್ತದೆಂದು ನಂಬಬಾರದು. ಈ ಅಲೆ ಮಣ್ಣಿನೊಳಗೆ ಇಳಿಯುವುದು ಸುಮಾರು ಐದು ಸೆಂಟಿಮೀಟರು, ಎಂದರೆ ಎರಡು ಅಂಗುಲ. ಜೋಳದ ಬೇರು ಒಂದು ಮೀಟರಿಗೂ ಕೆಳಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಎರೆಹೊಲದ ಮೇಲ್ಮೈ ಒಣಗಿ ಬಿರಿದಿದ್ದರೂ ಕೆಳಗೆ ಹಸಿ ಇದ್ದು ಪೈರು ಹಸುರಾಗಿರಬಹುದು. ಮೇಲಿನ ಎರಡು ಅಂಗುಲ ಎಷ್ಟು ಸಲ ನೆನೆಯಿತು, ಎಷ್ಟು ಬೇಗ ಆರಿತು ಎಂಬುದರಿಂದ ಆಳದ ಹಸಿಯನ್ನು ಲೆಕ್ಕಹಾಕಬೇಕೇ ಹೊರತು ನೇರವಾಗಿ ಕಾಣಲು ಬಾರದು.

ಎರಡನೆಯದು, ಮಣ್ಣಿನ ಜಾತಿ. ಜಿಗುಟಾದ ಎರೆಮಣ್ಣಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ನೀರಿದ್ದರೂ ಗಿಡ ಬಾಡಬಹುದು, ಏಕೆಂದರೆ ಆ ಮಣ್ಣು ನೀರನ್ನು ಬಿಗಿಹಿಡಿದು ಬೇರಿಗೆ ಬಿಟ್ಟುಕೊಡುವುದಿಲ್ಲ. ಮರಳು ಮಿಶ್ರಿತ ಮಣ್ಣಿನಲ್ಲಿ ಅಷ್ಟೇ ನೀರಿದ್ದರೆ ಅದು ಸಮೃದ್ಧಿ. ಅಂಕೆ ಒಂದೇ, ಅರ್ಥ ಬೇರೆ. ಎಲ್ಲಿ ಎರೆ, ಎಲ್ಲಿ ಮಸಾರಿ, ಎಲ್ಲಿ ಮಡ್ಡಿ ಎಂದು ತಿಳಿಯದವನ ಕೈಯಲ್ಲಿ ಉಪಗ್ರಹದ ಅಂಕೆ ಕುರುಡನ ಕೈಯ ಕನ್ನಡಿ.

ಮೂರನೆಯದು, ನೆಲದ ಏರುತಗ್ಗು ಮತ್ತು ಮರಗಳು. ಒರಟು ನೆಲದಲ್ಲಿ ಅಲೆಯ ಬಿಂಬ ಹತ್ತಾರು ಕಿಲೋಮೀಟರಿಗೆ ಹರಡಿ ಮಸುಕಾಗುತ್ತದೆ. ದಟ್ಟ ಮರಗಳಿದ್ದಲ್ಲಿ ಎಲೆ ಕಾಂಡಗಳಲ್ಲಿರುವ ನೀರೇ ಅಲೆಯನ್ನು ನುಂಗುತ್ತದೆ. ನಮ್ಮ ಕಂಗಿನ ತೋಟಗಳಿಗೂ ರಬ್ಬರು ಗುಡ್ಡಗಳಿಗೂ ಆದುದರಿಂದ ಈ ವಿದ್ಯೆ ಅಷ್ಟಾಗಿ ಒಗ್ಗದು. ಮಳೆಗಾಲದಲ್ಲಿ ಬೇಕಾದಷ್ಟು ಸುರಿದರೂ ಫೆಬ್ರವರಿಗೆ ಸುರಂಗದ ನೀರು ಸಣ್ಣಗಾಗುವ ನಮ್ಮ ಜಂಬಿಟ್ಟಿಗೆಯ ನೆಲದ ಸಮಸ್ಯೆಯೇ ಬೇರೆ. ಆದರೆ ಬಯಲಿನ ಗದ್ದೆಗಳಲ್ಲಿ ನೀರು ನಿಂತದ್ದನ್ನು, ನೆರೆ ಹರಡಿದ್ದನ್ನು ಇದು ಚೆನ್ನಾಗಿ ತೋರಿಸಬಲ್ಲದು. ನಿಂತ ನೀರಿಗಿಂತ ಒಳ್ಳೆಯ ಕನ್ನಡಿ ಬೇರೆಯಿಲ್ಲವಷ್ಟೆ.

ಇನ್ನು ನಮ್ಮದೇ ನಾವಿಕ್. ಜಿ.ಪಿ.ಎಸ್. ಉಪಗ್ರಹಗಳು ಬಾನಿನಲ್ಲಿ ಓಡಾಡುತ್ತಿರುತ್ತವೆ. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದು ಭಾರತದ ಸುತ್ತಲ ಸೀಮೆಯ ನೆತ್ತಿಯನ್ನು ಬಿಟ್ಟು ಹೋಗುವುದಿಲ್ಲ. ಕೆಲವು ಒಂದೇ ಕಡೆ ನಿಂತಂತೆ ಕಾಣುತ್ತವೆ, ಉಳಿದವು ಎಂಟರ ಅಂಕೆ ಬರೆದಂತೆ ಸುಳಿಯುತ್ತವೆ. ಹೊಲದ ಬದುವಿನಲ್ಲಿ ಒಂದು ಕಂಬ ನೆಟ್ಟರೆ ಅದಕ್ಕೆ ಹೊತ್ತುಹೊತ್ತಿಗೂ ಅಲೆ ಸಿಗುತ್ತದೆ. ನಾವಿಕ್ ಅಲೆಗಳಿಂದ ಮಣ್ಣಿನ ತೇವ ಅಳೆಯುವ ಪ್ರಯೋಗಗಳನ್ನು ನಮ್ಮ ದೇಶದ ಸಂಶೋಧಕರು ನಡೆಸಿದ್ದಾರೆ. ನಾವಿಕ್ಕಿನ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟದ್ದೂ ನಿಜ. ಹೊಸ ಸರಣಿಯ ಮೊದಲನೆಯದು 2023ರ ಮೇ 29ರಂದು ಹಾರಿತು.

ಮಣ್ಣು ಬಲ್ಲವರ ಮಾತು

ಉಪಗ್ರಹದ ಅಂಕೆ ನಂಬಿಕೆಗೆ ಅರ್ಹವಾಗಬೇಕಾದರೆ ಯಾರಾದರೂ ಹೊಲಕ್ಕಿಳಿದು ಮಣ್ಣು ತೂಗಿ ತಾಳೆ ನೋಡಲೇಬೇಕು. ಜತ್ತದಲ್ಲಿ ಆ ಕೆಲಸಕ್ಕೆ ಹೋದವನು ಕೇಳಬೇಕಾದದ್ದು ಕನ್ನಡ ಮನೆಮಾತಿನ ರೈತನನ್ನು. ಮಡ್ಡಿ ಎಲ್ಲಿ ಮುಗಿದು ಎರೆ ಎಲ್ಲಿ ಶುರುವಾಗುತ್ತದೆ, ಯಾವ ಪಟ್ಟಿಯ ಹಸಿ ದೀಪಾವಳಿಗೇ ಆರುತ್ತದೆ, ಯಾವುದು ಸಂಕ್ರಾಂತಿಯವರೆಗೆ ತಡೆಯುತ್ತದೆ ಎಂಬ ಜ್ಞಾನ ಅವನ ನಾಲಗೆಯಲ್ಲಿದೆ. ಆ ಮಾತು ಪ್ರಶ್ನೆ ಕೇಳುವವನಿಗೆ ಅರ್ಥವಾಗದಿದ್ದರೆ, ನಮೂನೆಯ ಕಾಗದ ಅವನಿಗೆ ಓದಲು ಬಾರದಿದ್ದರೆ, ಎಂಟಲ್ಲ ಎಂಬತ್ತು ಹಂಸಗಳು ಹಾರಿದರೂ ಫಲವಿಲ್ಲ. ಬೇರೆ ಭಾಷೆಯ ಅರ್ಜಿಯನ್ನು ಕೈಯಲ್ಲಿ ಹಿಡಿದು ಕಚೇರಿಯ ಜಗಲಿಯಲ್ಲಿ ನಿಂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಗಳು ಇದರಲ್ಲಿ ಒಂದು ಪಾಲು ವಹಿಸಬಹುದು. ಒಂದು ತಕ್ಕಡಿ, ಒಂದು ಕಬ್ಬಿಣದ ಬಾಣಲೆ, ಸಣ್ಣ ಉರಿ ಇದ್ದರೆ ಸಾಕು. ಎರಡು ಅಂಗುಲದೊಳಗಿನ ಮಣ್ಣನ್ನೂ ಒಂದು ಗೇಣು ಕೆಳಗಿನದನ್ನೂ ಬೇರೆಬೇರೆಯಾಗಿ ತೆಗೆದು ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಹುರಿದು, ಮತ್ತೆ ತೂಗಿ, ತಾರೀಕು ಹಾಕಿ ಬರೆದಿಡಬೇಕು. ಜೂನಿನಿಂದ ಮಾರ್ಚಿಯವರೆಗೆ ವಾರಕ್ಕೊಮ್ಮೆ ಮಾಡಿದರೆ ಒಂದು ಊರಿನ ಹಸಿಯ ಪಂಚಾಂಗವೇ ಸಿದ್ಧವಾಗುತ್ತದೆ. ಪ್ರಯೋಗಶಾಲೆಯ ಒಲೆಯಷ್ಟು ನಿಖರವಲ್ಲ, ನಿಜ. ಆದರೆ ಮಳೆ ಎಷ್ಟು ಬಂತೆಂದು ಮಾತ್ರ ಕೇಳುವ ಅಧಿಕಾರಿಯ ಮುಂದೆ, ಹಸಿ ಎಷ್ಟು ಉಳಿಯಿತೆಂದು ತೋರಿಸಲು ಹಳ್ಳಿಯವರ ಕೈಯಲ್ಲಿ ಒಂದು ಪುಸ್ತಕ ಇದ್ದಂತಾಗುತ್ತದೆ. ಜತ್ತದ ಕನ್ನಡ ಶಾಲೆಯ ಮಕ್ಕಳೂ ನಮ್ಮ ಮಕ್ಕಳೂ ಒಂದೇ ವರ್ಷ ಇದನ್ನು ಮಾಡಿ ಪುಸ್ತಕಗಳನ್ನು ಬದಲಾಯಿಸಿಕೊಂಡರೆ, ಎರೆ ಹೇಗೆ ನೀರು ಹಿಡಿಯುತ್ತದೆ, ಜಂಬಿಟ್ಟಿಗೆ ಹೇಗೆ ಬಿಡುತ್ತದೆ ಎಂಬುದನ್ನು ಎರಡೂ ಕಡೆಯವರು ಕಲಿಯಬಹುದು. ಮುಂಗಾರಿಗೆ ಮುಂಚೆ ಬಾಣಲೆ ತಕ್ಕಡಿಗಳನ್ನು ಜೋಡಿಸಿಕೊಂಡರೆ ಸಾಕು.